ಬಿದ್ದ ಮಳೆಯ ಲೆಕ್ಕ

ಕಳೆದ ಕಕ್ಕಡ, ಎಂದರೆ ಜುಲೈ-ಆಗಸ್ಟ್ ನಡುವಿನ ಜಡಿಮಳೆಯ ತಿಂಗಳ ಒಂದು ಮಧ್ಯಾಹ್ನ, ಕಿಟಕಿಯಾಚೆಯ ಸಿಲ್ವರ್ ಓಕ್ ಮರಗಳೂ ಕಾಣದಷ್ಟು ಮಂಜು ಮುಸುಕಿದ್ದಾಗ, ನಮ್ಮ ಲ್ಯಾಬಿನ ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿಯೊಬ್ಬ ನನ್ನನ್ನು ಕರೆದು ತನ್ನ ಪರದೆಯನ್ನು ತೋರಿಸಿದ. ಭಾಗಮಂಡಲದ ಸುತ್ತಲಿನ ಬೆಟ್ಟಗಳನ್ನು ಅವನು ಮೂರು ಆಯಾಮಗಳಲ್ಲಿ ಕಟ್ಟಿ, ಅವುಗಳ ಮೇಲೆ ಒಂದು ಇಂಚು ಮಳೆಯನ್ನು ಸುರಿಸಿದ್ದ. ನೀರು ಇಳಿಜಾರುಗಳಲ್ಲಿ ಜಾರಿ, ತೋಡುಗಳನ್ನು ತುಂಬಿ, ಕಾವೇರಿಯೂ ಕನ್ನಿಕೆಯೂ ಕೂಡುವ ಜಾಗದಲ್ಲಿ ನಿಂತು, ಮೆಲ್ಲನೆ ಏರಿ ನಾಪೋಕ್ಲು ಕಡೆಯ ರಸ್ತೆಯನ್ನು ಮುಚ್ಚಿತು. "ಸರ್, ನಮ್ಮಲ್ಲಿ ಹೀಗೇ ಆಗುವುದು, ಮೊದಲು ನೀರು ಹತ್ತುವುದು ಇದೇ ತಿರುವಿಗೆ" ಎಂದ. ಅವನ ಮನೆ ಭಾಗಮಂಡಲದ ಹತ್ತಿರವೇ ಇದೆ, ಚಿಕ್ಕಂದಿನಿಂದ ಆ ರಸ್ತೆ ಮುಳುಗುವುದನ್ನು ಪ್ರತಿ ಮಳೆಗಾಲದಲ್ಲೂ ನೋಡಿದ್ದಾನೆ. ಪರದೆಯ ನೀರು ಕಣ್ಣಿಗೆ ಅತ್ಯಂತ ಸಹಜವಾಗಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಈಗ ಪರದೆಯ ಮೇಲಿರುವ ನೀರು ಒಟ್ಟು ಎಷ್ಟು?"

ಅವನ ಭೂಮಿ 128 ಅಡ್ಡ, 128 ಉದ್ದ ಚೌಕಗಳ ಒಂದು ಜಾಲ, ಒಂದೊಂದು ಚೌಕದ ಬದಿ 30 ಮೀಟರ್. ಅಂದರೆ ಒಟ್ಟು 14.7 ಚದರ ಕಿಲೋಮೀಟರಿಗೂ ತುಸು ಹೆಚ್ಚು. ಅದರ ಮೇಲೆ ಬಿದ್ದ ಒಂದು ಇಂಚು ಮಳೆಯೆಂದರೆ ಸುಮಾರು 3,74,500 ಘನ ಮೀಟರ್ ನೀರು. ನಾಲ್ಕೂ ಅಂಚುಗಳಿಗೆ ಗೋಡೆ ಕಟ್ಟಿದ್ದರಿಂದ ಒಂದು ಹನಿಯೂ ಹೊರಗೆ ಹೋಗುವಂತಿರಲಿಲ್ಲ, ನೆಲ ಹೀರಿಕೊಳ್ಳುವುದನ್ನು ಅವನು ಇನ್ನೂ ಸೇರಿಸಿರಲಿಲ್ಲ. ಪ್ರತಿ ಚೌಕದ ನೀರನ್ನು ಕೂಡಿಸಿ ಮೂಲೆಯಲ್ಲಿ ತೋರಿಸುವ ಮೂರು ಸಾಲು ಕೋಡ್ ಬರೆಸಿ ಮತ್ತೆ ಓಡಿಸಿದೆವು. ಮೊದಲ ಕ್ಷಣದಲ್ಲಿ ಸಂಖ್ಯೆ ಸರಿಯಾಗಿಯೇ ಇತ್ತು. ನೀರು ಇಳಿಜಾರಿಗೆ ಬೀಳುತ್ತಿದ್ದಂತೆ ಅದು ಏರತೊಡಗಿತು, ಎರಡು ನಿಮಿಷಗಳಲ್ಲಿ 4,60,500ಕ್ಕೆ ಬಂದು ನಿಂತಿತು. ಮಳೆ ನಿಂತ ಮೇಲೆ 86,000 ಘನ ಮೀಟರ್, ಎಂದರೆ 8 ಕೋಟಿ 60 ಲಕ್ಷ ಲೀಟರ್ ನೀರು ಎಲ್ಲಿಂದಲೋ ಬಂದಿತ್ತು. ರಸ್ತೆಯನ್ನು ಮುಳುಗಿಸಿದ್ದು ಆ ನೀರೇ.

ತಪ್ಪು ಒಂದು ಸಾಲಿನಲ್ಲಿತ್ತು. ಈ ಬಗೆಯ ಮಾದರಿಯಲ್ಲಿ ಪ್ರತಿ ಚೌಕಕ್ಕೂ ನೆಲದ ಎತ್ತರ, ನೀರಿನ ಆಳ ಎಂಬ ಎರಡು ಸಂಖ್ಯೆಗಳಿರುತ್ತವೆ. ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಮುಂದಿಡುತ್ತಾ ಹೋಗುವಾಗ, ಪ್ರತಿ ಹೆಜ್ಜೆಯಲ್ಲೂ ಚೌಕವು ತನಗಿಂತ ತಗ್ಗಿನಲ್ಲಿರುವ ನೆರೆಯ ಚೌಕಗಳಿಗೆ ಎತ್ತರದ ವ್ಯತ್ಯಾಸಕ್ಕೆ ತಕ್ಕಷ್ಟು ನೀರು ಕೊಡುತ್ತದೆ. ಕಡಿದಾದ ಇಳಿಜಾರಿನಲ್ಲಿ ನೀರಿನ ಪದರ ತೆಳುವಾಗಿರುವಾಗ ಚೌಕವು ತನ್ನಲ್ಲಿರುವುದಕ್ಕಿಂತ ಹೆಚ್ಚು ಕೊಟ್ಟುಬಿಡುತ್ತದೆ, ಆಗ ಅದರ ಆಳ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಹಾಗೆ ಹೋದಾಗ ಚಿತ್ರದಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿದ್ದವು, ಅವನ್ನು ಹೋಗಲಾಡಿಸಲು ಅವನು "ಮೈನಸ್ ಆದರೆ ಸೊನ್ನೆ ಮಾಡು" ಎಂದು ಬರೆದಿದ್ದ. ಕೈಯಲ್ಲಿ 100 ರೂಪಾಯಿ ಇದ್ದವನು ನಾಲ್ವರಿಗೆ ತಲಾ 40 ರೂಪಾಯಿ ಕೊಟ್ಟು, 60 ರೂಪಾಯಿಯ ಸಾಲವನ್ನು ಪುಸ್ತಕದಿಂದ ಅಳಿಸಿಹಾಕಿದ ಹಾಗೆ. ಪಡೆದ ನಾಲ್ವರ ಬಳಿ 160 ರೂಪಾಯಿ ಇದ್ದೇ ಇದೆ. ಸರಿಯಾದ ದಾರಿಯೆಂದರೆ ಕೊಡುವ ಮೊದಲೇ ಒಟ್ಟು ಬೇಡಿಕೆಯನ್ನು ನೋಡಿ, ಇರುವ 100 ರೂಪಾಯಿಗೆ ತಕ್ಕಂತೆ ತಲಾ 25ಕ್ಕೆ ಇಳಿಸುವುದು. ಹಾಗೆ ತಿದ್ದಿದ ಮೇಲೆ ಮೂಲೆಯ ಸಂಖ್ಯೆ ಕದಲಲಿಲ್ಲ, ನೀರು ರಸ್ತೆಯ ತಿರುವಿಗೆ ತಲುಪಲೂ ಇಲ್ಲ. ಹುಡುಗ ಬಹಳ ಹೊತ್ತು ಮಾತಾಡದೆ ಕುಳಿತಿದ್ದ.

ಸ್ನಾತಕೋತ್ತರ ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗೆ ಉನ್ನತ ಸಿಮ್ಯುಲೇಶನ್ (ನಿಜ ಜಗತ್ತಿನ ಆಗುಹೋಗುಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅನುಕರಿಸುವುದು) ಮತ್ತು ವಿಡಿಯೋ ಗೇಮ್ ಅಭಿವೃದ್ಧಿಯ ಐಚ್ಛಿಕ ಪತ್ರಿಕೆಯನ್ನು ಪಾಠ ಮಾಡುತ್ತಿರುವ ಈ ವರ್ಷಗಳಲ್ಲಿ ನಾನು ಹೆಚ್ಚು ಶ್ರಮ ಹಾಕಿ ಕಲಿಸುತ್ತಿರುವುದು ಇದನ್ನೇ. ಚಿತ್ರ ನೋಡಲು ಸರಿ ಇದ್ದರೆ ಲೆಕ್ಕವೂ ಸರಿ ಇರುತ್ತದೆ ಎಂದು ನಂಬಬಾರದು. ಆ ದಿನ ಪರದೆಯ ಮೇಲೆ ಕಂಡದ್ದು ಅವನ ನೆನಪಿನೊಂದಿಗೆ ಹೊಂದಿದ್ದರಿಂದಲೇ ಅವನು ತಪಾಸಣೆ ಮಾಡಲಿಲ್ಲ. ನೀರು ಬೆಟ್ಟ ಹತ್ತಿದ್ದರೆ ಎರಡನೆಯ ಕ್ಷಣದಲ್ಲೇ ತಪ್ಪನ್ನು ಹುಡುಕುತ್ತಿದ್ದ.

ಪತ್ರಿಕೆಯನ್ನು ಆಯ್ದುಕೊಳ್ಳುವ ಹೆಚ್ಚಿನವರು ಗೇಮ್ ಮಾಡುವ ಆಸೆಯಿಂದಲೇ ಬರುತ್ತಾರೆ, ಸಿಮ್ಯುಲೇಶನ್ ಎಂಬ ಮಾತು ಅವರಿಗೆ ಗಣಿತದ ಭಾರದಂತೆ ಕೇಳಿಸುತ್ತದೆ. ಹಾಗಾಗಿ ಮೊದಲ ತರಗತಿಯಲ್ಲಿ 1958ರ ಕಥೆ ಹೇಳುತ್ತೇನೆ. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್, ವಸ್ತುಗಳು ಹಾರುವ ಪಥವನ್ನು ಲೆಕ್ಕ ಹಾಕಬಲ್ಲ ಒಂದು ಅನಲಾಗ್ ಕಂಪ್ಯೂಟರನ್ನು, ವಿದ್ಯುತ್ ಸಂಕೇತಗಳನ್ನು ಸಣ್ಣ ಪರದೆಯ ಮೇಲೆ ಬೆಳಕಿನ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿಗೆ ಜೋಡಿಸಿ, ಸಂದರ್ಶಕರಿಗೆ ಇಬ್ಬರು ಆಡುವ ಟೆನ್ನಿಸ್ ಆಟವನ್ನು ತೋರಿಸಿದರು. ಚೆಂಡು ಗುರುತ್ವಕ್ಕೆ ಬಾಗಿ, ನೆಟ್ಟಿಗೆ ತಾಗಿ ಬೀಳುತ್ತಿತ್ತು. ಆಟವೂ ಲೆಕ್ಕವೂ ಒಂದೇ ಯಂತ್ರದೊಳಗಿದ್ದವು, ಈಗಲೂ ಹಾಗೆಯೇ ಇವೆ. ಗೇಮ್ ಕಟ್ಟಲು ಬಳಸುವ ಸಿದ್ಧ ತಂತ್ರಾಂಶಗಳಾದ ಗೇಮ್ ಎಂಜಿನ್‌ಗಳು ಆ ಲೆಕ್ಕವನ್ನು ಒಳಗೆ ಮುಚ್ಚಿಟ್ಟುಕೊಂಡಿರುತ್ತವೆ, ಅಷ್ಟೇ. ಆದ್ದರಿಂದ ಮೊದಲ ಐದು ವಾರ ನನ್ನ ತರಗತಿಯಲ್ಲಿ ಎಂಜಿನ್ ಇಲ್ಲ, ಮತ್ತೆ ಮತ್ತೆ ಓಡುತ್ತಾ ಕಾಲವನ್ನು ಮುಂದೆ ತಳ್ಳುವ ಲೂಪನ್ನು ವಿದ್ಯಾರ್ಥಿಗಳು ತಾವೇ ಬರೆಯಬೇಕು. ಆಮೇಲೆ ಗೋಡೋ ಎಂಜಿನ್ ತೆರೆಯುತ್ತೇವೆ. ಅದು 2014ರಿಂದ ಮುಕ್ತ ತಂತ್ರಾಂಶವಾಗಿದ್ದು, ನಮ್ಮ ಲ್ಯಾಬಿನ ಸಾಧಾರಣ ಯಂತ್ರಗಳಲ್ಲೂ ಓಡುತ್ತದೆ. ಅನುಮಾನ ಬಂದಾಗ ಅದರ ಮೂಲ ಕೋಡನ್ನೇ ತೆರೆದು ನೋಡಬಹುದೆಂಬುದು ನನಗೆ ಅದಕ್ಕಿಂತ ದೊಡ್ಡ ಅನುಕೂಲ.

ಕಾಲದ ವಿಷಯಕ್ಕೆ ಬಂದಾಗ ನಾನು ಎರಡು ಉದಾಹರಣೆಗಳನ್ನು ಬಿಡುವುದಿಲ್ಲ. ಮೊದಲನೆಯದು ಉಯ್ಯಾಲೆ. ಹಳೆಯ ವೇಗದಿಂದ ಹೊಸ ಸ್ಥಾನವನ್ನು, ಹಳೆಯ ಸ್ಥಾನದಿಂದ ಹೊಸ ವೇಗವನ್ನು ಲೆಕ್ಕ ಹಾಕುವ ಆಯ್ಲರ್ ವಿಧಾನದಲ್ಲಿ ಬರೆದರೆ, ಯಾರೂ ತಳ್ಳದಿದ್ದರೂ ಉಯ್ಯಾಲೆ ಪ್ರತಿ ಸುತ್ತಿಗೂ ಇನ್ನಷ್ಟು ಎತ್ತರಕ್ಕೆ ಹೋಗುತ್ತದೆ. ಎರಡು ಸಾಲುಗಳನ್ನು ಅದಲುಬದಲು ಮಾಡಿ, ಮೊದಲು ವೇಗವನ್ನು ಹೊಸದಾಗಿಸಿ ಆ ಹೊಸ ವೇಗದಿಂದಲೇ ಸ್ಥಾನವನ್ನು ಕಂಡುಹಿಡಿದರೆ, ಉಯ್ಯಾಲೆ ಗಂಟೆಗಟ್ಟಲೆ ತನ್ನ ಮಿತಿಯಲ್ಲೇ ತೂಗುತ್ತದೆ. ಸಮೀಕರಣ ಅದೇ, ಸಾಲುಗಳು ಅವೇ, ಬದಲಾದದ್ದು ಕ್ರಮವೊಂದೇ. ವಿದ್ಯಾರ್ಥಿಗಳು ಇದನ್ನು ಕೈಯಾರೆ ಮಾಡಿ ನೋಡಿದಾಗ ಅವರ ಮುಖದಲ್ಲಿ ಮೂಡುವ ಅಚ್ಚರಿಗಾಗಿ ನಾನು ಪ್ರತಿ ವರ್ಷವೂ ಆ ತರಗತಿಗೆ ಕಾಯುತ್ತೇನೆ.

ಎರಡನೆಯದು ಕೊಡಗಿನ ಆಯುಧಪೂಜೆಯ ಹಬ್ಬವಾದ ನಮ್ಮ ಕೈಲ್ ಮುಹೂರ್ತದ ತೆಂಗಿನಕಾಯಿ. ಮರದ ಮೇಲೆ ಕಟ್ಟಿದ ಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ಗೇಮ್ ಮಾಡಲು ಹೊರಡುವ ತಂಡವೊಂದು ಪ್ರತಿ ಬ್ಯಾಚಿನಲ್ಲೂ ಇರುತ್ತದೆ. ಗುಂಡಿನ ವೇಗ ಸೆಕೆಂಡಿಗೆ 360 ಮೀಟರ್ ಎಂದಿಟ್ಟುಕೊಂಡರೆ, ಸೆಕೆಂಡಿನ 60ನೆಯ ಒಂದು ಭಾಗದ ಹೆಜ್ಜೆಯಲ್ಲಿ ಅದು 6 ಮೀಟರ್ ಸಾಗುತ್ತದೆ. ಒಂದು ಹೆಜ್ಜೆಯಲ್ಲಿ ಕಾಯಿಯ ಈಚೆ, ಮುಂದಿನ ಹೆಜ್ಜೆಯಲ್ಲಿ ಕಾಯಿಯ ಆಚೆ. ನಡುವೆ ಗುಂಡು ಎಲ್ಲಿಯೂ ಇರಲಿಲ್ಲವೆಂದೇ ಕಂಪ್ಯೂಟರಿನ ಲೆಕ್ಕ. ಗುರಿ ಎಷ್ಟೇ ನೇರವಾಗಿದ್ದರೂ ಕಾಯಿ ಒಡೆಯುವುದಿಲ್ಲ. ಎರಡು ಬಿಂದುಗಳ ನಡುವಿನ ಗೆರೆ ಕಾಯಿಯನ್ನು ಹಾಯ್ದಿದೆಯೇ ಎಂದು ಪರೀಕ್ಷಿಸಬೇಕು. ಒಮ್ಮೆ ಇದನ್ನು ಕಂಡವರು ಮುಂದೆ ವೇಗವಾಗಿ ಚಲಿಸುವ ಯಾವ ವಸ್ತುವನ್ನೂ ಕುರುಡಾಗಿ ನಂಬುವುದಿಲ್ಲ.

ಈ ವಿಷಯದಲ್ಲಿ ನಾನಿಷ್ಟು ಹಟ ಹಿಡಿಯುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ಅಧ್ಯಾಪಕನಾಗುವ ಮೊದಲು ಬೆಂಗಳೂರಿನ ಒಂದು ಕಂಪನಿಯಲ್ಲಿ, ಲಾರಿ ಚಾಲಕರಿಗೆ ಘಾಟಿ ರಸ್ತೆಯ ತರಬೇತಿ ಕೊಡುವ ಸಿಮ್ಯುಲೇಟರ್ ತಯಾರಿಸುವ ತಂಡದಲ್ಲಿದ್ದೆ. ಬ್ರೇಕ್ ಒತ್ತಿದಾಗ ಪ್ರತಿ ಫ್ರೇಮಿಗೂ, ಎಂದರೆ ಪರದೆಯ ಚಿತ್ರ ಹೊಸದಾಗುವ ಪ್ರತಿ ಸಲವೂ, ವೇಗವನ್ನು 0.99ರಿಂದ ಗುಣಿಸುವ ಸಾಲನ್ನು ಬರೆದವನು ನಾನು. ಸೆಕೆಂಡಿಗೆ 60 ಫ್ರೇಮ್ ಓಡುವ ನನ್ನ ಯಂತ್ರದಲ್ಲಿ ಒಂದು ಸೆಕೆಂಡಿನ ಬಳಿಕ ವೇಗ ಶೇಕಡಾ 55ಕ್ಕೆ ಇಳಿಯುತ್ತಿತ್ತು. ತರಬೇತಿ ಕೇಂದ್ರದಲ್ಲಿದ್ದ ನಿಧಾನದ ಯಂತ್ರದಲ್ಲಿ 30 ಫ್ರೇಮ್ ಮಾತ್ರ ಬರುತ್ತಿದ್ದುದರಿಂದ ಅದು ಶೇಕಡಾ 74ರಲ್ಲೇ ಉಳಿಯುತ್ತಿತ್ತು. ಒಂದೇ ಲಾರಿ, ಒಂದೇ ಇಳಿಜಾರು, ಬ್ರೇಕ್ ಮಾತ್ರ ಬೇರೆ ಬೇರೆ. ಕೆಲವು ವಾರಗಳ ಕಾಲ ಚಾಲಕರು ಆ ಸುಳ್ಳು ಬ್ರೇಕಿಗೆ ಕಾಲು ಪಳಗಿಸಿಕೊಂಡಿದ್ದರು. ಗೊತ್ತಾದ ದಿನ ನನಗೆ ಆದ ಸಂಕಟವನ್ನು ಇಂದಿಗೂ ಮರೆತಿಲ್ಲ. ಭೌತಿಕ ಲೆಕ್ಕವು ಫ್ರೇಮಿನ ವೇಗಕ್ಕೆ ಕಟ್ಟುಬೀಳದೆ ತನ್ನದೇ ಸ್ಥಿರ ಹೆಜ್ಜೆಯಲ್ಲಿ ನಡೆಯಬೇಕು. ಕಳೆದ ನಿಜವಾದ ಸಮಯವನ್ನು ಒಂದು ಡಬ್ಬಿಯಲ್ಲಿ ಕೂಡಿಡುತ್ತಾ, ಅದು ಒಂದು ಹೆಜ್ಜೆಗೆ ಸಾಕಾದಾಗ ಮಾತ್ರ ಲೆಕ್ಕವನ್ನು ಮುಂದೆ ಇಡಬೇಕು. ಗೋಡೋ ತಾನಾಗಿ ಸೆಕೆಂಡಿಗೆ 60 ಹೆಜ್ಜೆ ಇಡುತ್ತದೆ, ಯೂನಿಟಿ ಎಂಬ ಇನ್ನೊಂದು ಎಂಜಿನ್‌ನಲ್ಲಿ ಪೂರ್ವನಿಗದಿತ ಹೆಜ್ಜೆ 0.02 ಸೆಕೆಂಡು.

ಭಾಗಮಂಡಲದ ಹುಡುಗನಿಗೂ ಹೆಜ್ಜೆಯ ತೊಂದರೆ ಎದುರಾಯಿತು. ಹತ್ತು ಗಂಟೆಗಳ ಒಂದು ರಾತ್ರಿಯ ಮಳೆಯನ್ನು ಆಟದಲ್ಲಿ ಐದು ನಿಮಿಷಕ್ಕೆ ಇಳಿಸಬೇಕೆಂಬುದು ಅವನ ಆಸೆ. ಅಂದರೆ ಕಾಲ 120 ಪಟ್ಟು ವೇಗ, ಸೆಕೆಂಡಿಗೆ 60 ಫ್ರೇಮಿನಂತೆ ಒಂದು ಫ್ರೇಮಿಗೆ 2 ಸೆಕೆಂಡು. 30 ಮೀಟರಿನ ಚೌಕಗಳಲ್ಲಿ ಇದು ನಡೆಯುತ್ತದೆ. ನಾಲ್ಕು ಮೀಟರ್ ಆಳದ ನೀರಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 6.3 ಮೀಟರ್ ಇರುವುದರಿಂದ ಅದು ಒಂದು ಚೌಕವನ್ನು ದಾಟಲು 4.8 ಸೆಕೆಂಡು ಬೇಕು. ಒಂದು ಹೆಜ್ಜೆಯಲ್ಲಿ ಅಲೆ ಒಂದು ಚೌಕವನ್ನು ಮೀರಿ ಜಿಗಿಯಬಾರದು ಎಂಬ ನಿಯಮವನ್ನು ಕುರಾಂಟ್, ಫ್ರೀಡ್ರಿಕ್ಸ್ ಮತ್ತು ಲೆವಿ ಎಂಬ ಮೂವರು ಗಣಿತಜ್ಞರು 1928ರಲ್ಲೇ ತೋರಿಸಿಕೊಟ್ಟಿದ್ದಾರೆ. ಹುಡುಗ ರಸ್ತೆಯೂ ಕಾಣಬೇಕೆಂದು ಸಂಗಮದ ಬಳಿಯ ಸಣ್ಣ ಭಾಗಕ್ಕೆ 1 ಮೀಟರಿನ ಚೌಕ ಮಾಡಿದಾಗ ಹೆಜ್ಜೆಯ ಮಿತಿ 0.16 ಸೆಕೆಂಡಿಗೆ ಇಳಿಯಿತು, ಒಂದು ಫ್ರೇಮಿಗೆ 13 ಹೆಜ್ಜೆಗಳು ಬೇಕಾದವು, ಅಷ್ಟನ್ನೂ ಚಿತ್ರ ಬರೆಯುವ ಕೆಲಸದೊಂದಿಗೆ ಸೇರಿ 16.7 ಮಿಲಿಸೆಕೆಂಡುಗಳಲ್ಲಿ ಮುಗಿಸಬೇಕು. ಚೌಕದ ಬದಿಯನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟು, ಹೆಜ್ಜೆಗಳು ಎರಡು ಪಟ್ಟಾಗಿ ಕೆಲಸ ಎಂಟು ಪಟ್ಟಾಗುತ್ತದೆ ಎಂಬ ಮಾತನ್ನು ಹಲಗೆಯ ಮೇಲೆ ನಾನು ಎಷ್ಟೋ ಸಲ ಬರೆದಿದ್ದೆ. ಅವನಿಗೆ ಅದು ಅರ್ಥವಾದದ್ದು ಆ ವಾರ.

ಎತ್ತರದ ದತ್ತಾಂಶದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಕೊಡಗಿನಲ್ಲಿ ಅದು ಬೇರೆಡೆಗಿಂತ ಹೆಚ್ಚು ಮುಖ್ಯ. ನಾವು ಬಳಸುವುದು 2000ನೆಯ ಇಸವಿಯ ಫೆಬ್ರವರಿಯಲ್ಲಿ ನಾಸಾದ ಅಂತರಿಕ್ಷ ನೌಕೆಯಿಂದ ರೇಡಾರ್ ಮೂಲಕ ಅಳೆದ, ಸುಮಾರು 30 ಮೀಟರ್ ಅಂತರದ ಮುಕ್ತ ದತ್ತಾಂಶ. ಆ ರೇಡಾರ್ ದಟ್ಟ ಮರಗಳ ನಡುವೆ ನೆಲದವರೆಗೆ ಇಳಿಯುವುದಿಲ್ಲ, ಮರಗಳ ಮೇಲ್ಛಾವಣಿಯಿಂದಲೇ ಬಹುಪಾಲು ಹಿಂದಿರುಗುತ್ತದೆ. ಕಾಫಿ ತೋಟದ ನೆರಳಿನ ಮರಗಳೂ ದೇವರಕಾಡುಗಳೂ ಅದರ ಕಣ್ಣಿಗೆ ಗುಡ್ಡಗಳೇ, ಗದ್ದೆಯ ಬಯಲು ಮಾತ್ರ ನಿಜವಾದ ನೆಲ. ತೋಟದ ಅಂಚಿನಲ್ಲಿ ನೀರು ಕಾಣದ ಗೋಡೆಗೆ ತಡೆದು ನಿಂತಂತೆ ಕಂಡಾಗ ವಿದ್ಯಾರ್ಥಿಗಳು ಕೋಡಿನಲ್ಲಿ ತಪ್ಪು ಹುಡುಕುತ್ತಾರೆ. ನಾನು ಅವರನ್ನು ಅಲ್ಲಿಗೆ ಹೋಗಿ ನೋಡಿ ಬರಲು ಹೇಳುತ್ತೇನೆ.

ಮಳೆಯ ದತ್ತಾಂಶ ಮಾತ್ರ ನಮ್ಮಲ್ಲಿ ಮನೆಮನೆಯಲ್ಲೂ ಸಿಗುತ್ತದೆ. ತೋಟದ ಮನೆಗಳಲ್ಲಿ ಅಂಗಳದ ಮಳೆಮಾಪಕದ ನೀರನ್ನು ಬೆಳಗ್ಗೆ ಅಳೆದು, ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ಬಂದದ್ದು. ನೂರು ಸೆಂಟಿಗೆ ಒಂದು ಇಂಚು. ಹುಡುಗ ತನ್ನ ಅಜ್ಜ ಬರೆದ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದ. ಉದ್ದದ ನೋಟು ಪುಸ್ತಕ, ಅಂಚುಗಳು ತೇವಕ್ಕೆ ಉಬ್ಬಿದ್ದವು, ಶಾಯಿ ಕೆಲವೆಡೆ ಹರಡಿತ್ತು, ಪ್ರತಿ ತಿಂಗಳ ಕೊನೆಗೆ ಎರಡು ಗೆರೆ ಎಳೆದು ಮೊತ್ತ ಬರೆದಿತ್ತು. ಒಂದು ಜುಲೈ ತಿಂಗಳ ಅಂಕಿಗಳನ್ನು ಅವನು ಕಂಪ್ಯೂಟರಿಗೆ ಏರಿಸಿ ಕೂಡಿಸಿದಾಗ ಅಜ್ಜನ ಮೊತ್ತಕ್ಕಿಂತ 1 ಇಂಚು 80 ಸೆಂಟ್ ಹೆಚ್ಚು ಬಂತು. ಅಜ್ಜ ಕೂಡಿಸುವಾಗ ತಪ್ಪಿರಬೇಕು ಎಂದು ಅವನು ಊಹಿಸಿದ್ದ. ನಾವಿಬ್ಬರೂ ಕುಳಿತು ಸಾಲು ಸಾಲಾಗಿ ನೋಡಿದೆವು. 3-5 ಎಂದು ಬರೆದದ್ದನ್ನು ಅವನು 3.5 ಎಂದು ಏರಿಸಿದ್ದ. ಅದು ಮೂರು ಇಂಚು ಐದು ಸೆಂಟ್, ಎಂದರೆ 3.05. ಅಂಥವು ನಾಲ್ಕು ಇದ್ದವು: 3-5, 2-5, 1-4, 0-6. ನಾಲ್ಕನ್ನೂ ತಿದ್ದಿದಾಗ ಮೊತ್ತ ಒಂದು ಸೆಂಟೂ ಆಚೀಚೆಯಾಗದೆ ಕೂಡಿತು. ಎರಡು ಗೆರೆಗಳ ಕೆಳಗಿನ ಆ ಸಂಖ್ಯೆ, ನಾನು ಅವನ ಪರದೆಯ ಮೂಲೆಯಲ್ಲಿ ಬರೆಸಿದ ಮೂರು ಸಾಲುಗಳ ಕೆಲಸವನ್ನೇ ಮಾಡುತ್ತಿತ್ತು.

ಮೊತ್ತವನ್ನು ನೋಡುವುದರಲ್ಲೂ ಎಚ್ಚರ ಬೇಕೆಂಬುದನ್ನು ಇಲ್ಲೇ ಸೇರಿಸುತ್ತೇನೆ. ಕಂಪ್ಯೂಟರ್ 32 ಬಿಟ್‌ಗಳ ಜಾಗದಲ್ಲಿ ಇಟ್ಟುಕೊಳ್ಳುವ ದಶಮಾಂಶ ಸಂಖ್ಯೆಯಲ್ಲಿ ಸುಮಾರು ಏಳು ಅಂಕಿಗಳಷ್ಟೇ ನಿಲ್ಲುತ್ತವೆ. ಮೊತ್ತ 3,74,500ರ ಆಸುಪಾಸಿನಲ್ಲಿರುವಾಗ ಅದಕ್ಕೆ 15 ಲೀಟರ್, ಎಂದರೆ 0.015 ಘನ ಮೀಟರ್ ನೀರನ್ನು ಎಷ್ಟು ಸಲ ಕೂಡಿಸಿದರೂ ಮೊತ್ತ ಬದಲಾಗುವುದಿಲ್ಲ. ಚೌಕಗಳ ಆಳ 32 ಬಿಟ್‌ನಲ್ಲಿದ್ದರೂ ಲೆಕ್ಕಪುಸ್ತಕ 64 ಬಿಟ್‌ನಲ್ಲೇ ಇರಬೇಕು.

ಸೆಮಿಸ್ಟರಿನ ನಡುವೆ ಅವನು ನನ್ನ ಕೋಣೆಗೆ ಬಂದು, ಗುಡ್ಡ ಕುಸಿಯುವುದನ್ನೂ ಆಟಕ್ಕೆ ಸೇರಿಸಲೇ ಎಂದು ಕೇಳಿದ. ಇಲ್ಲಿ ಯಾರೂ ಹಗುರವಾಗಿ ಕೇಳುವ ಪ್ರಶ್ನೆಯಲ್ಲ ಅದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು ಕಡೆ ಬೆಟ್ಟಗಳು ಮನೆ, ತೋಟ, ರಸ್ತೆಗಳ ಸಮೇತ ಜಾರಿದಾಗ ಈ ಮಕ್ಕಳೆಲ್ಲ ಶಾಲೆಯಲ್ಲಿದ್ದರು, ಕೆಲವರು ಪರಿಹಾರ ಕೇಂದ್ರಗಳಲ್ಲಿ ಮಲಗಿ ಎದ್ದವರು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದು ಅವನ ಊರಿಗೆ ತೀರಾ ಹತ್ತಿರ. ನಾನು ಬೇಡವೆನ್ನಲಿಲ್ಲ. ಇಳಿಜಾರಿನ ಮಣ್ಣನ್ನು ಅದರ ತೂಕ ಕೆಳಗೆಳೆಯುತ್ತದೆ, ಕಣಗಳ ನಡುವಿನ ಘರ್ಷಣೆ ಮತ್ತು ಅಂಟು ಹಿಡಿದು ನಿಲ್ಲಿಸುತ್ತವೆ, ಮಣ್ಣಿನ ಸಂದುಗಳಲ್ಲಿ ತುಂಬಿದ ನೀರಿನ ಒತ್ತಡ ಕಣಗಳನ್ನು ದೂರ ತಳ್ಳಿ ಆ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ಸಮೀಕರಣವೇನೂ ಕಷ್ಟದ್ದಲ್ಲ, ಅದಕ್ಕೆ ಕೊಡಬೇಕಾದ ಸಂಖ್ಯೆಗಳೇ ನಮ್ಮಲ್ಲಿರಲಿಲ್ಲ. ಅವನ ಊರಿನ ಗುಡ್ಡದ ಮಣ್ಣು ಎಷ್ಟು ಆಳವಿದೆ, ಎಷ್ಟು ಅಂಟಿದೆ ಎಂದು ಅಲ್ಲಿ ಅಗೆದು ಅಳೆದ ದತ್ತಾಂಶ ಅವನ ಕೈಯಲ್ಲಿ ಇರಲಿಲ್ಲ.

ಆದ್ದರಿಂದ ಒಂದೇ ಇಳಿಜಾರನ್ನು ತೆಗೆದುಕೊಂಡು, ಗೊತ್ತಿಲ್ಲದ ಪ್ರತಿ ಸಂಖ್ಯೆಗೂ ಸಾಧ್ಯವಿರುವ ವ್ಯಾಪ್ತಿಯನ್ನಿಟ್ಟು, ಅದರೊಳಗಿಂದ ಯಾದೃಚ್ಛಿಕವಾಗಿ ಆಯ್ದು ಸಾವಿರ ಸಲ ಓಡಿಸಿದೆವು. ಉಲಮ್ ಮತ್ತು ಫಾನ್ ನಾಯ್ಮನ್ 1940ರ ದಶಕದಲ್ಲಿ ಲಾಸ್ ಅಲಮೋಸಿನಲ್ಲಿ ರೂಪಿಸಿದ ಮಾಂಟೆ ಕಾರ್ಲೊ ವಿಧಾನ ಇದು. ಅದೇ ಮಳೆಗೆ ಕೆಲವು ಸಲ ಗುಡ್ಡ ಜಾರಿತು, ಕೆಲವು ಸಲ ನಿಂತಿತು. ಉತ್ತರವಾಗಿ ಸಿಕ್ಕಿದ್ದು ಒಂದು ಸಂಖ್ಯೆಯ ಬದಲು ಅಗಲವಾದ ಒಂದು ಹರವು, ಅದರ ಅಗಲವೇ ನಮ್ಮ ಅರಿವಿನ ಮಿತಿಯನ್ನು ಹೇಳುತ್ತಿತ್ತು. ಅವನು ಅದನ್ನು ಊರಿನ ನಕ್ಷೆಯ ಮೇಲೆ ಕೆಂಪು, ಹಸಿರು ಬಣ್ಣಗಳಲ್ಲಿ ಹಾಕಲು ಬಯಸಿದಾಗ ಮಾತ್ರ ನಾನು ಖಂಡಿತವಾಗಿ ತಡೆದೆ. ಆ ನಕ್ಷೆಯಲ್ಲಿ ಜನ ತಮ್ಮ ಮನೆಯನ್ನು ಹುಡುಕುತ್ತಾರೆ. ಹಸಿರಿನಲ್ಲಿ ಮನೆ ಕಂಡವರು ಮಳೆಯ ರಾತ್ರಿ ಮಲಗಿಬಿಟ್ಟರೆ ಅದಕ್ಕೆ ಉತ್ತರ ಹೇಳಬೇಕಾದವರು ನಾವು. ಅವನು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿಕೊಂಡ.

ಅದರಿಂದ ಆಟ ಬೇರೆಯೇ ದಾರಿ ಹಿಡಿಯಿತು, ನನಗನ್ನಿಸುವಂತೆ ಇನ್ನೂ ಒಳ್ಳೆಯ ದಾರಿ. ಈಗ ಆಟಗಾರ ಹೆಸರಿಲ್ಲದ ಒಂದು ಊರಿನಲ್ಲಿ ರಾತ್ರಿ ಎಚ್ಚರವಿರುವ ಮನೆಯ ಹಿರಿಯ. ಮಳೆಮಾಪಕ, ಟಾರ್ಚು, ತೋಡಿನ ಸದ್ದು, ಇಷ್ಟೇ ಅವನ ಬಳಿ ಇರುವುದು. ಗುಡ್ಡದ ಒಳಗಿನ ಸಂಖ್ಯೆಗಳನ್ನು ಪ್ರತಿ ಆಟಕ್ಕೂ ಕಂಪ್ಯೂಟರ್ ಹೊಸದಾಗಿ ಆರಿಸುತ್ತದೆ, ಆಟಗಾರನಿಗೆ ಅವು ತಿಳಿಯುವುದೇ ಇಲ್ಲ. ಯಾವಾಗ ಎಲ್ಲರನ್ನೂ ಎಬ್ಬಿಸಿ ಹೊರಡಿಸಬೇಕೆಂದು ಅವನೇ ನಿರ್ಧರಿಸಬೇಕು. ಕುಸಿತವನ್ನು ಚಿತ್ರವಾಗಿ ತೋರಿಸುವುದಿಲ್ಲವೆಂದು ಹುಡುಗ ತಾನಾಗಿಯೇ ತೀರ್ಮಾನಿಸಿದ. ಬೆಳಗಾಗುತ್ತದೆ, ಅಷ್ಟೇ.

ಮೌಲ್ಯಮಾಪನದಲ್ಲಿ ನೂರಕ್ಕೆ ನಲವತ್ತು ಅಂಕಗಳನ್ನು ನಾನು ಲೆಕ್ಕದ ತಪಾಸಣೆಗೇ ಇಟ್ಟಿದ್ದೇನೆ. ಚಿತ್ರಕ್ಕೆ ಹೆಚ್ಚು ದುಡಿದವರಿಗೆ ಇದು ಅನ್ಯಾಯವೆನಿಸುತ್ತದೆ, ಅವರ ದೂರು ನನಗೆ ಅರ್ಥವಾಗುತ್ತದೆ, ಆದರೂ ಬದಲಾಯಿಸುವ ಮನಸ್ಸಿಲ್ಲ.

ಸೆಮಿಸ್ಟರಿನ ಕೊನೆಯ ಪ್ರದರ್ಶನದ ದಿನ ಹುಡುಗ ತನ್ನ ಅಜ್ಜನನ್ನು ಕರೆತಂದಿದ್ದ. ಪರದೆಯ ಮೂಲೆಯಲ್ಲಿ ಬಿದ್ದದ್ದು, ಹರಿದುಹೋದದ್ದು, ಉಳಿದದ್ದು ಎಂಬ ಮೂರು ಸಂಖ್ಯೆಗಳು ಇನ್ನೂ ಇದ್ದವು. ಆಟ ಮುಗಿದಿದೆಯಲ್ಲ, ಇನ್ನು ಅವನ್ನು ತೆಗೆಯಬಹುದು ಎಂದು ನಾನು ಹೇಳಿದ್ದರೂ ಅವನು ತೆಗೆದಿರಲಿಲ್ಲ. ಅಜ್ಜ ಕನ್ನಡಕ ಸರಿಮಾಡಿಕೊಂಡು, ಬೆಟ್ಟವನ್ನೂ ನೀರನ್ನೂ ಬಿಟ್ಟು ಆ ಮೂಲೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮೊಮ್ಮಗನ ಕಡೆ ತಿರುಗಿ, "ಇದು ಯಾವ ಲೆಕ್ಕದಲ್ಲಿದೆ?" ಎಂದು ಕೇಳಿದರು. ಘನ ಮೀಟರ್ ಎಂದ ಅವನು. ಅಜ್ಜ ಏನೂ ಹೇಳಲಿಲ್ಲ. ಮಾರನೆಯ ದಿನ ಅವನು ಒಪ್ಪಿಸಿದ ಪ್ರತಿಯಲ್ಲಿ ಮೂರೂ ಸಂಖ್ಯೆಗಳು ಇಂಚು ಮತ್ತು ಸೆಂಟಿನಲ್ಲಿದ್ದವು, ಐದು ಸೆಂಟನ್ನು 05 ಎಂದೇ ಬರೆದಿದ್ದ.